ಮೊಳೆಯ ಮೇಲೆ ಎಂಟು ತಿಂಗಳು

ನಾನು ನಾಯಿಯನ್ನು ಹಿಡಿದುಕೊಳ್ಳುವ ಒಂದು ಚರ್ಮದ ಪಟ್ಟಿ. ಉದ್ದ ನಾಲ್ಕು ಮೊಳ. ಒಂದು ತುದಿಗೆ ಮನುಷ್ಯನ ಕೈ ತೂರುವಷ್ಟು ಕುಣಿಕೆ, ಇನ್ನೊಂದು ತುದಿಗೆ ನಾಯಿಯ ಕೊರಳಿಗೆ ಸಿಕ್ಕಿಸುವ ಹಿತ್ತಾಳೆಯ ಕೊಂಡಿ. ಅವೆರಡರ ನಡುವೆ ಇರುವುದು ನಾನು ಮತ್ತು ನನ್ನ ಸಿಟ್ಟು. ಸಿಟ್ಟು ಯಾಕೆ ಅಂತೀರಾ? ಕೂತುಕೊಳ್ಳಿ, ಹೇಳುತ್ತೇನೆ.

ಹುಟ್ಟಿದ್ದು ಅಥಣಿಯಲ್ಲಿ, ಚಪ್ಪಲಿ ಹೊಲಿಯುವವರ ಓಣಿಯಲ್ಲಿ. ಕಾಶವ್ವ ಎಂಬಾಕೆ ಎಮ್ಮೆಯ ಚರ್ಮವನ್ನು ಕತ್ತರಿಸಿ ಚಪ್ಪಲಿ ಮಾಡುತ್ತಿದ್ದಳು. ನಾನೂ ಚಪ್ಪಲಿಯೇ ಆಗಬೇಕಿತ್ತು. ಅಷ್ಟರಲ್ಲಿ ಮುಧೋಳದ ಕಡೆಯಿಂದ ಬೇಟೆನಾಯಿ ಸಾಕುವ ಯಮನಪ್ಪ ಬಂದು, "ಯವ್ವಾ, ನಾಯಿಗೊಂದು ಪಟ್ಟಿ ಹೊಲಿದ ಕೊಡು. ಜಗ್ಗಿದ್ರ ಹರೀಬಾರ್ದು" ಎಂದ. ಕಾಶವ್ವನಿಗೆ ರೇಗಿತು. "ನಿನ್ನ ಕೈ ಕಿತ್ತು ಬಂದೀತು, ನನ್ನ ಪಟ್ಟಿ ಹರಿಯೂದಿಲ್ಲ" ಎಂದು ನನ್ನನ್ನು ಜೋಡಿ ಹೊಲಿಗೆ ಹಾಕಿ ಹೊಲಿದಳು. ನನ್ನ ಸಿಟ್ಟು ಅವಳಿಂದಲೇ ಬಂದಿರಬೇಕು.

ಯಮನಪ್ಪನ ಬಳಿ ಇದ್ದದ್ದು ಒಂದೇ ಮಳೆಗಾಲ. ಬೆಳಗಾವಿಯಿಂದ ಚೌಗುಲೆ ಸರ್ ಬಂದರು. ಹೈಸ್ಕೂಲಿನಲ್ಲಿ ಪಿ.ಟಿ. ಕಲಿಸುವ ಮೇಷ್ಟ್ರು. ಕಟ್ಟಿಗೆಯಂಥ ನೆಟ್ಟಗಿನ ಬೆನ್ನು, ಎದೆಯ ಮೇಲೆ ಸೀಟಿ. ಒಂದು ಹೆಣ್ಣು ಮರಿಯನ್ನು ಆರಿಸಿಕೊಂಡು, ಅದರ ಓಟ ನೋಡಿ ಬಿಜಲಿ ಎಂದು ಹೆಸರಿಟ್ಟರು. ಮರಿಯ ಜೊತೆ ನನ್ನನ್ನೂ ಯಮನಪ್ಪ ಕೊಟ್ಟುಬಿಟ್ಟ.

ಆಮೇಲಿನ ಏಳು ವರ್ಷ ನನ್ನ ಜೀವನದ ಸುಗ್ಗಿ. ದಿನಾ ಬೆಳಿಗ್ಗೆ ಆರಕ್ಕೆ ಸರ್ ಕೈ ಕುಣಿಕೆಯೊಳಗೆ ಬರುತ್ತಿತ್ತು. ಬಿಜಲಿ ಎಳೆಯುತ್ತಿದ್ದಳು, ಸರ್ ತಡೆಯುತ್ತಿದ್ದರು, ನಾನು ಇಬ್ಬರ ಮಾತನ್ನೂ ಒಬ್ಬರಿಂದ ಒಬ್ಬರಿಗೆ ಮುಟ್ಟಿಸುತ್ತಿದ್ದೆ. ದಾರಿಯುದ್ದಕ್ಕೂ ಹಳೆಯ ವಿದ್ಯಾರ್ಥಿಗಳು. "ನಮಸ್ಕಾರ್ರಿ ಸರ್" ಎಂದರೆ ಸರ್, "ಯಾಕಪಾ, ಬೆನ್ನು ಬಾಗೇತಿ?" ಎಂದು ಗದರಿ ಮುಂದೆ ಹೋಗುತ್ತಿದ್ದರು. ಭಾನುವಾರ ಅವರ ಹೆಂಡತಿ ತ್ರಿಶಲಾ ನನಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು.

ನಿವೃತ್ತಿಯಾದ ಎರಡನೇ ವರ್ಷ ಸರ್‌ಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಎರಡೂ ಸೋತವು, ಬಾಯಿ ಒಂದು ಕಡೆಗೆ ಜಗ್ಗಿತು. ಮೂರು ತಿಂಗಳಿಗೆ ಕೋಲು ಹಿಡಿದು ನಡೆಯುವಂತಾದರು. "ದಿನಾ ಹೊರಗೆ ನಡೆಯಲೇಬೇಕು, ಇಲ್ಲವಾದರೆ ಈ ಕಾಲು ಕೈಬಿಡುತ್ತದೆ" ಎಂದು ಡಾಕ್ಟರು ಹೇಳಿದರು. ಸರ್ ಮಾತ್ರ ಹೊಸ್ತಿಲು ದಾಟಲಿಲ್ಲ. ಊರಿನ ಹುಡುಗರನ್ನೆಲ್ಲ ಓಡಿಸಿದ ಮನುಷ್ಯ ಕಾಲೆಳೆಯುವುದನ್ನು ಅದೇ ಹುಡುಗರು ನೋಡಬೇಕೆ? ಅದೊಂದೇ ಹಠ. ಬಿಜಲಿಯನ್ನು ಹಿತ್ತಲಿಗೆ ಬಿಡತೊಡಗಿದರು. ಅಲ್ಲಿಗೆ ನಾನು ಬೇಡ. ನನ್ನ ಪಾಲಿಗೆ ಬಾಗಿಲ ಹಿಂದಿನ ಮೊಳೆ ಉಳಿಯಿತು. ಎಣ್ಣೆಯೂ ನಿಂತಿತು.

ತ್ರಿಶಲಾ ಬಿಡಲಿಲ್ಲ. ಗಂಡನನ್ನು ಕಾಡಿ ಬೇಡಿ ಒಂದು ಮಾತಿಗೆ ಒಪ್ಪಿಸಿದರು. ಯಾರೂ ಗುರುತಿಲ್ಲದ ಹಳ್ಳಿಗೆ ಹೋಗಿ ಒಂದು ವಾರ ಇರುವುದು, ಅಲ್ಲಿ ನಡೆದು ರೂಢಿ ಮಾಡಿಕೊಳ್ಳುವುದು. "ಬಿಜಲಿ ಬಂದ್ರ ಬರ್ತೇನಿ, ಇಲ್ಲಂದ್ರ ಇಲ್ಲ" ಎಂದರು ಸರ್. ಅಂದರೆ ನಾಯಿಯನ್ನು ಒಳಗೆ ಬಿಟ್ಟುಕೊಳ್ಳುವ ಮನೆ ಬೇಕು, ನಡೆಯಲು ಸಮತಟ್ಟಾದ ದಾರಿ ಬೇಕು, ಗುರುತಿನವರು ಇರಬಾರದು. ಇಷ್ಟೇ! ಮೂರೇ ಮೂರು ಬೇಡಿಕೆ!

ಅಯ್ಯೋ, ಅಂಥ ಮನೆಗಾಗಿ ತ್ರಿಶಲಾ ಮಾಡಿದ ಫೋನುಗಳ ಕಥೆ ಹೇಳಿದರೆ ಈಗಲೂ ನನ್ನ ಹೊಲಿಗೆ ಬಿಗಿಯುತ್ತದೆ. ಮೊದಲನೆಯವನು, "ನಾಯಿ ತರಬಹುದ್ರಿ, ಸಣ್ಣದು ಇರಬೇಕು. ಎತ್ತರ ಎಷ್ಟೈತ್ರಿ?" ಎಂದ. ಬಿಜಲಿ ನಿಂತಲ್ಲಿಂದಲೇ ಊಟದ ಮೇಜಿನ ಮೇಲಿನ ಚಪಾತಿ ಮೂಸುತ್ತಾಳೆ. ಅದನ್ನು ತ್ರಿಶಲಾ ಇದ್ದದ್ದು ಇದ್ದಂತೆ ಹೇಳಿದರು, ಆತ ಫೋನಿಟ್ಟ. ಇನ್ನೊಬ್ಬಾಕೆ ನಾಯಿಯನ್ನು ಕೋಳಿಗೂಡಿನ ಪಕ್ಕ ಕಟ್ಟಬೇಕೆಂದಳು. ಮತ್ತೊಬ್ಬ, "ವಾಕಿಂಗಿಗೆ ಭಾರಿ ಜಾಗಾರಿ, ಮುನ್ನೂರು ಮೆಟ್ಲು ಹತ್ತಿದ್ರ ಗುಡ್ಡದ ತುದಿ" ಎಂದು ಹೆಮ್ಮೆಪಟ್ಟ. ಇನ್ನೊಂದು ಕಡೆ ನಾಯಿಗೆ ಕಂಬಳಿ, ಫ್ಯಾನು, ಈಜುಕೊಳ ಎಲ್ಲ ಇತ್ತು. "ಖರೆ ಕಂಪೌಂಡ ದಾಟಿ ಹೊರಗ ಹೋಗಬ್ಯಾಡ್ರಿ, ಚಿರತಿ ಅದಾವ." ಹಲ್ಲಿದ್ದರೆ ಕಡಲೆಯಿಲ್ಲ, ಕಡಲೆಯಿದ್ದರೆ ಹಲ್ಲಿಲ್ಲ. ಹೀಗೆ ಹುಡುಕುತ್ತಲೇ ಮೊಳೆಯ ಮೇಲೆ ನನಗೆ ಎಂಟು ತಿಂಗಳಾಯಿತು. ಮೈ ಒಣಗಿ, ಕೊಂಡಿಯ ಹತ್ತಿರ ಸೀಳು ಬಿಟ್ಟಿತು. ನಡೆಯಲಿಕ್ಕೆ ಜಾಗ ಹುಡುಕುತ್ತ ಕೂತಿದ್ದಾರಲ್ಲ, ಬಾಗಿಲು ತೆಗೆದರೆ ರಸ್ತೆ ಇಲ್ಲವೇ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಕೊನೆಗೆ ಘಟಪ್ರಭೆಯ ಹಿನ್ನೀರಿನ ದಂಡೆಯಲ್ಲಿ ಮಲಗೌಡ ಎಂಬವರು ಬಾಡಿಗೆಗೆ ಕೊಡುವ ಮರದ ಮನೆ ಸಿಕ್ಕಿತು. ಬಾಗಿಲ ಮುಂದೆಯೇ ಕಾಲುವೆಯ ದಂಡೆ, ಎರಡು ಮೈಲಿ ಸಪಾಟು ದಾರಿ, ಬೇವಿನ ನೆರಳು. "ನಾಯಿ ಅಂದ್ರ ನಮಗ ಜೀವರಿ. ನಮ್ಮಲ್ಲೂ ನಾಕ ಅದಾವ" ಎಂದರು ಆತ. ಆ ನಾಲ್ಕನ್ನು ಕಟ್ಟಿರುತ್ತಾರೋ ಇಲ್ಲವೋ ಕೇಳು ತಾಯಿ, ಎಂದು ನಾನು ಮೊಳೆಯಿಂದಲೇ ಬಡಕೊಂಡೆ. ಕೇಳಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ನಡೆಯಿತು.

"ಯಾರ ಹೆಸರಿಲೆ ಬರಕೊಳ್ಳಲಿರಿ?"

"ಪಿ.ಟಿ. ಚೌಗುಲೆ ಸರ್ ಮನಿ ಅಂತ ಬರಕೋರಿ."

ಮೂವತ್ತು ವರ್ಷದ ರೂಢಿ. ಗ್ಯಾಸಿನವನಿಗೂ ಹಾಲಿನವನಿಗೂ ಹೇಳುವ ಹೆಸರು ಅದೇ, ಬಾಯಿಗೆ ತಾನಾಗಿ ಬಂತು. ಆ ಕಡೆ ಕುರ್ಚಿ ಸರಿದ ಸದ್ದಾಯಿತು, ಎದ್ದು ನಿಂತರೇನೋ. ಆಮೇಲೆ ಮಲಗೌಡರು, "ಆತ್ರಿ ಅವ್ವಾರ, ಬರ್ರಿ. ಅಗದೀ ಬರ್ರಿ" ಎಂದರು. ತ್ರಿಶಲಾಗೆ ಏನೂ ಹೊಳೆಯಲಿಲ್ಲ.

ಬಾಡಿಗೆ ಕಾರು ಅಲ್ಲಿಗೆ ಮುಟ್ಟಿದಾಗ ಸಂಜೆ ಐದು. ಮನೆಯ ಮುಂದೆ ಒಂಬತ್ತು ಜನ ನಲವತ್ತು ದಾಟಿದ ಗಂಡಸರು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದರು, ಅಂಗಿ ಒಳಗೆ ಸಿಕ್ಕಿಸಿಕೊಂಡು. ಎಲ್ಲರೂ ಸರ್ ಮೊದಲು ಕೆಲಸ ಮಾಡಿದ, ಬೇರೊಂದು ಊರಿನ ಹೈಸ್ಕೂಲಿನ ಹುಡುಗರು. ಮೊದಲು ನಿಂತವರೇ ಮಲಗೌಡರು. "ಸಾವಧಾನ್!" ಎಂದು ಅವರು ಕೂಗಿದ್ದಕ್ಕೆ ಒಂಬತ್ತು ಜೋಡಿ ಹಿಮ್ಮಡಿ ಟಪ್ಪೆಂದವು.

ಸರ್ ಕಾರಿನಿಂದ ಇಳಿದರು. ಬಲಗಾಲು ಮಣ್ಣಿನಲ್ಲಿ ಗೀರು ಎಳೆಯಿತು. ಒಂಬತ್ತೂ ಜನ ನೋಡಿದರು, ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಸರ್ ನೇರ ಒಳಗೆ ಹೋದರು.

"ಗುರ್ತಿಲ್ಲದ ಊರು ಅಂದಿದ್ನೊ ಇಲ್ಲೊ? ನಾಳೆ ಮುಂಜಾನೆ ಹೊಳ್ಳಿ ಹೋಗೂಣು" ಎಂದು ಹೆಂಡತಿಗೆ ಹೇಳಿ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡರು. ತ್ರಿಶಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಎಂಟು ತಿಂಗಳ ಹುಡುಕಾಟ ಎಂಟು ನಿಮಿಷದಲ್ಲಿ ನೀರುಪಾಲಾಯಿತು. ನನಗಂತೂ ಅಳು, ಸಿಟ್ಟು ಎರಡೂ ಬಂದವು.

ಬಿಜಲಿಗೆ ಇದಾವುದೂ ತಿಳಿಯದು, ಅವಳಿಗೆ ಹೊರಗೆ ಹೋಗಬೇಕಿತ್ತು. ತ್ರಿಶಲಾ ನನ್ನನ್ನು ಅವಳ ಕೊರಳಿಗೆ ಸಿಕ್ಕಿಸಿ ಅಂಗಳಕ್ಕೆ ಇಳಿದರು. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಮಲಗೌಡರ ನಾಲ್ಕು ನಾಯಿಗಳು ದನದ ಕೊಟ್ಟಿಗೆಯ ಹಿಂದಿನಿಂದ ಒಟ್ಟಿಗೇ ನುಗ್ಗಿದವು. ಬಿಜಲಿ ಹಾರಿದಳು. ನಾನು ಕಾಶವ್ವನ ಮರ್ಯಾದೆ ನೆನೆದು ಹಲ್ಲು ಕಚ್ಚಿ ಹಿಡಿದೆ. ಸೀಳು ಕೇಳಲಿಲ್ಲ, ಹರಿದೆ. ಕೊಂಡಿ ಬಿಜಲಿಯ ಕೊರಳಲ್ಲೇ ಹೋಯಿತು, ಮಿಕ್ಕ ನಾನು ತ್ರಿಶಲಾ ಕೈಯಲ್ಲಿ ಉಳಿದೆ. ಬಿಜಲಿ ಕಬ್ಬಿನ ಗದ್ದೆ ಹೊಕ್ಕಳು.

ಮಲಗೌಡರು ಓಡಿ ಬಂದು ತಮ್ಮ ನಾಯಿಗಳನ್ನು ಹಿಡಿದು ಕಟ್ಟಿದರು. "ಅವ್ವಾರ, ಕಬ್ಬಿನ್ಯಾಗ ಚಿರತಿ ತಿರಗಾಕತ್ತೈತ್ರಿ. ಹೋದ ವಾರ ಒಂದು ನಾಯಿ ಒಯ್ದೈತಿ. ಹೊತ್ತು ಮುಳಗೂದ್ರಾಗ ಕರೀಬೇಕು." ಒಂಬತ್ತು ಜನ ಸುತ್ತ ನಿಂತು ಬಿಜಲಿ, ಬಿಜಲಿ ಎಂದು ಅರಚಿದರು. ಗುರುತಿಲ್ಲದ ದನಿಗೆ ಹೆದರಿ ಅವಳು ಇನ್ನೂ ಒಳಗೆ ಹೋದಳು. ತ್ರಿಶಲಾ ಒಳಗೋಡಿ ಕೋಣೆಯ ಬಾಗಿಲು ಬಡಿದರು. ಅವಸರದಲ್ಲಿ ನಾನು ಅಂಗಳದಲ್ಲೇ ಬಿದ್ದೆ.

"ರೀ, ಬಿಜಲಿ ಹೋದ್ಳು! ಕಬ್ಬಿನ್ಯಾಗ ಹೋದ್ಳು! ನೀವು ಕರದ್ರಷ್ಟ ಬರ್ತಾಳ್ರಿ!"

ಸರ್ ಹೊರಗೆ ಬಂದರು, ಕೈಯಲ್ಲಿ ಕೋಲೂ ಇರಲಿಲ್ಲ. ನೆಲದಲ್ಲಿದ್ದ ನನ್ನ ಪಕ್ಕದಲ್ಲೇ ಅವರ ಬಲಗಾಲು ಸರ್ರೆಂದು ಎಳೆದುಕೊಂಡು ಹೋಯಿತು. ವಿದ್ಯಾರ್ಥಿಗಳ ನಡುವೆ ಹಾದು ಗದ್ದೆಯ ಬದುವಿನ ಮೇಲೆ ನಿಂತು ಕೂಗಿದರು. "ಬಿ...ಲಿ." ಅಷ್ಟೇ ಹೊರಟಿತು, ಅದೂ ಬಾಯಿಯ ಒಂದು ಮೂಲೆಯಿಂದ. ಒಂಬತ್ತು ಜನರೂ ಕೇಳಿಸಿಕೊಂಡರು. ಈಗ ತಿರುಗಿ ಒಳಗೆ ಹೋಗುತ್ತಾರೆ, ಮುಗಿಯಿತು ಎಂದುಕೊಂಡೆ.

ಹೋಗಲಿಲ್ಲ. ಎಡಗೈ ಸೊಂಟದ ಮೇಲಿಟ್ಟು, ಎದೆ ತುಂಬ ಉಸಿರು ತೆಗೆದುಕೊಂಡು ಮತ್ತೆ ಕೂಗಿದರು. ಇನ್ನೊಮ್ಮೆ ಕೂಗಿದರು. ಐದನೆಯ ಸಲ ಹೆಸರು ಪೂರ್ತಿ ಬಂತು. ಕಬ್ಬಿನ ಗರಿಗಳು ಅಲುಗಿದವು. ಬಿಜಲಿ ಬಂದು ಅವರ ಸೋತ ಬಲಗೈಯನ್ನು ನೆಕ್ಕಿದಳು. ಸರ್ ಎಡಗೈಯಿಂದ ಆ ಕೈಯನ್ನು ಎತ್ತಿ ಅವಳ ತಲೆಯ ಮೇಲಿಟ್ಟರು.

ಆಮೇಲೆ ತಿರುಗಿದರು. ಒಂಬತ್ತು ತಲೆಗಳೂ ನೆಲ ನೋಡುತ್ತಿದ್ದವು.

"ಏನ್ ಬಿದ್ದೈತಿ ನೆಲದಾಗ? ತಲಿ ಮ್ಯಾಲೆ!" ಮಾತು ತೊದಲಿತು, ಗದರಿಕೆ ತೊದಲಲಿಲ್ಲ. "ಮಲಗೌಡ, ಹೊಟ್ಟಿ ಒಳಗ ತಗೋ! ಇದನ್ನ ಕಲಿಸಿದ್ನೇನ ನಾ?"

ಮಲಗೌಡರು ಗಡಬಡಿಸಿ ಹೊಟ್ಟೆ ಒಳಗೆಳೆದುಕೊಂಡರು. ಕಣ್ಣಲ್ಲಿ ನೀರು, ಮುಖದಲ್ಲಿ ನಗು.

"ಕಾಲುವಿ ದಂಡಿ ಎತ್ತಾಗೈತಿ? ತೋರಸು ನಡಿ."

ನಾಯಿ ಹಿಡಿಯಲು ಏನಾದರೂ ಬೇಕಲ್ಲ? ಮಲಗೌಡರು ಕೊಟ್ಟಿಗೆಯಿಂದ ಎಮ್ಮೆ ಕಟ್ಟುವ ಹಗ್ಗ ತಂದರು. ಹಸಿರು ನೈಲಾನಿನ, ಸಗಣಿ ಮೆತ್ತಿದ, ಮೂರು ಕಡೆ ಗಂಟು ಬಿದ್ದ ಹಗ್ಗ! ಅದನ್ನು ಬಿಜಲಿಗೆ ಕಟ್ಟಿ ಎಲ್ಲರೂ ಹೊರಟುಹೋದರು. ಎಂಟು ತಿಂಗಳು ಕಾದದ್ದು ನಾನು, ನಡೆದದ್ದು ಆ ಹಗ್ಗ. ಆ ಸಂಜೆ ಧೂಳಿನಲ್ಲಿ ಬಿದ್ದು ನಾನು ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ.

ಒಂದು ವಾರದ ಮಾತು ಹದಿನೈದು ದಿನಕ್ಕೆ ಹೋಯಿತು. ಬೆಳಗಾವಿಗೆ ಬಂದ ಮೇಲೆ ತ್ರಿಶಲಾ ನನ್ನನ್ನು ಮೋಚಿಗೆ ತೋರಿಸಿದರು. "ಚರ್ಮ ಸತ್ತೈತ್ರಿ, ಹೊಲಿಗಿ ನಿಂದ್ರೂದಿಲ್ಲ" ಎಂದ ಆತ. ಎಸೆಯಲು ಮನಸ್ಸಾಗದೆ ಅವರು ನನ್ನನ್ನು ಕಿಟಕಿಯ ಕಟ್ಟೆಯ ಮೇಲೆ, ಹಳೆಯ ಬೀಗಗಳ ಜೊತೆ ಇಟ್ಟಿದ್ದಾರೆ. ಎಮ್ಮೆಹಗ್ಗವೂ ಅವರ ಜೊತೆ ಬಂದಿದೆ. ಅದರೊಡನೆ ನಾನು ಮಾತಾಡುವುದಿಲ್ಲ.

ಬೆಳಿಗ್ಗೆ ಚಿಲಕ ತೆಗೆದ ಸದ್ದಾಗುತ್ತದೆ. ಸರ್ ಕಾಲು ಸರ್ರೆನ್ನುತ್ತ ಓಣಿಗೆ ಇಳಿಯುತ್ತದೆ, ಜೊತೆಗೆ ತ್ರಿಶಲಾ ಚಪ್ಪಲಿ, ಬಿಜಲಿಯ ಉಗುರು. "ನಮಸ್ಕಾರ್ರಿ ಸರ್" ಎಂದು ಯಾರೋ ಅನ್ನುತ್ತಾರೆ, ಸರ್ ತೊದಲುತ್ತಲೇ ಗದರುತ್ತಾರೆ. ಆ ದನಿ ಓಣಿಯ ತಿರುವಿನವರೆಗೂ ಕೇಳಿ ನಿಂತುಹೋಗುತ್ತದೆ. ಎಂಟು ತಿಂಗಳು ಒಂದು ಗಳಿಗೆಯೂ ಬರಿದಾಗದ ಮನೆಯಲ್ಲಿ ಆರರಿಂದ ಏಳರವರೆಗೆ ನನ್ನನ್ನು ಬಿಟ್ಟು ಯಾರೂ ಇರುವುದಿಲ್ಲ.