ಉಳಿದ ಗಾಳಿ

ನಾನು ಒಂದು ಗಾಳಿ ಸಿಲಿಂಡರ್. ಕಡಲಿನೊಳಗೆ ಮುಳುಗುವವರು ಬೆನ್ನಿಗೆ ಕಟ್ಟಿಕೊಳ್ಳುತ್ತಾರಲ್ಲ, ಅದು. ಬಹಳ ಜನ ನನ್ನನ್ನು ಆಕ್ಸಿಜನ್ ಸಿಲಿಂಡರ್ ಎನ್ನುತ್ತಾರೆ. ಅಲ್ಲ. ನನ್ನೊಳಗಿದ್ದದ್ದು ನೀವು ಈಗ ಉಸಿರಾಡುತ್ತಿರುವ ಗಾಳಿಯೇ, ಒತ್ತಿ ತುಂಬಿದ್ದು ಅಷ್ಟೆ. ಮನಸ್ಸಿನಲ್ಲೇ ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟೆ.

ಒಂದು ಯಂತ್ರ ಅಲ್ಯೂಮಿನಿಯಂ ಗಟ್ಟಿಯನ್ನು ಒತ್ತಿ ಕೊಳವೆ ಮಾಡಿತು, ಕಾಯಿಸಿ ಕುತ್ತಿಗೆ ಕಿರಿದು ಮಾಡಿತು, ಹೆಗಲ ಮೇಲೆ ನಂಬರು ಗುದ್ದಿತು. ನೋವಾಯಿತೇ ಎಂದು ಕೇಳಬೇಡಿ, ನೆನಪಿಲ್ಲ. ಮೊದಲು ಗೋವಾದಲ್ಲಿ, ಜನರನ್ನು ಕಡಲಿಗೆ ಮುಳುಗಿಸಲು ಕರೆದೊಯ್ಯುವ ಒಂದು ಅಂಗಡಿಯಲ್ಲಿದ್ದೆ. ಬೆಳಿಗ್ಗೆ ತುಂಬುತ್ತಿದ್ದರು, ಮಧ್ಯಾಹ್ನಕ್ಕೆ ಖಾಲಿಯಾಗಿ ಬರುತ್ತಿದ್ದೆ. ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆ ಎನ್ನುವ ಹಾಗೆ ಪ್ರವಾಸಿಗರು ಗಾಳಿ ಎಳೆಯುತ್ತಿದ್ದರು. ಅವರ ಮುಖ ಒಂದೂ ಗೊತ್ತಿಲ್ಲ. ನಾನು ಕಂಡದ್ದೆಲ್ಲ ಬೆನ್ನು. ಎಂಟು ವರ್ಷದ ಮೇಲೆ ಹಳೆಯ ಸಾಮಾನಿನ ಜೊತೆ ನನ್ನನ್ನೂ ಮುರುಡೇಶ್ವರದ ಇಂಥದೇ ಅಂಗಡಿಗೆ ಮಾರಿದರು. ಬೇಸರವೂ ಆಗಲಿಲ್ಲ, ಖುಷಿಯೂ ಆಗಲಿಲ್ಲ.

ಅಲ್ಲಿ ನನ್ನನ್ನು ಬೋಟಿಗೆ ಹೊರುತ್ತಿದ್ದವನು ಜಟ್ಟಪ್ಪ ಮೊಗೇರ. ವಯಸ್ಸು ಮೂವತ್ತನಾಲ್ಕು. ಚಿಕ್ಕಂದಿನಿಂದ ಬಂಡೆಯ ಬುಡಕ್ಕೆ ಮುಳುಗಿ ಪಚ್ಚಿಲೆ ಎಂಬ ತಿನ್ನುವ ಚಿಪ್ಪುಮೀನು ಕಿತ್ತು ತರುತ್ತಿದ್ದ. ಅವರ ಮನೆಯವರಿಗೆ ಸಿಲಿಂಡರೂ ಇಲ್ಲ, ಕನ್ನಡಕವೂ ಇಲ್ಲ. ಬಾಯಿ ಮುಚ್ಚಿ ಉಸಿರು ಕಟ್ಟಬೇಕು, ಕೈ ಚಾಚಬೇಕು, ಕೀಳಬೇಕು. ಯಾರ ಉಸಿರು ಉದ್ದವೋ ಅವರ ಬಲೆಚೀಲ ತುಂಬುತ್ತಿತ್ತು.

ಅಂಗಡಿಯವರು ಅವನಿಗೆ ಮೊದಲ ಹಂತದ ಕೋರ್ಸು ಮಾಡಿಸಿ ಕಾರ್ಡು ಕೊಡಿಸಿದ್ದರು. ಅದರಲ್ಲಿ ಹದಿನೆಂಟು ಮೀಟರ್ ಆಳದವರೆಗೆ ಮಾತ್ರ ಹೋಗಬಹುದು. ಎರಡನೆಯದು ಪಾಸಾದರೆ ಮೂವತ್ತು ಮೀಟರ್, ಮುಂದೆ ಗೈಡ್ ಆಗುವ ದಾರಿ. ಅವನಿಗೆ ಅದು ಬೇಕೇ ಬೇಕಿತ್ತು. ಕಲಿಸುವವರು ವಿಲ್ಮಾ ಮೇಡಂ, ಮಂಗಳೂರಿನವರು. ಯಾಕೆ ಇಷ್ಟು ಆಸೆ ಎಂದು ಅವರು ಕೇಳಿದಾಗ ಹೇಳಿದ:

"ಅಪ್ಪ, ಅಜ್ಜ ಎಲ್ರೂ ನೀರಿನಡಿಗೆ ಹೋದದ್ದು ಕೀಳ್ಲಿಕ್ಕೆ ಮೇಡಂ. ನೋಡ್ಲಿಕ್ಕೆ ಅಂತ ನಮ್ಮನೇಲಿ ಯಾರೂ ಹೋಗ್ಲಿಲ್ಲ."

ಕೋರ್ಸಿನಲ್ಲಿ ಐದು ಮುಳುಗು. ಐದಕ್ಕೂ ಅವನು ನನ್ನನ್ನೇ ಆರಿಸಿಕೊಂಡ. ನೇತ್ರಾಣಿ ದ್ವೀಪದ ಪಕ್ಕದಲ್ಲಿ ಮೊದಲ ದಿನ ಮೇಲೂ ಹೋಗದೆ ಕೆಳಗೂ ಹೋಗದೆ ಒಂದೇ ಮಟ್ಟದಲ್ಲಿ ನಿಲ್ಲುವ ಪಾಠ. ಅವನು ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತ. ದಿಕ್ಸೂಚಿ ಹಿಡಿದು ಚೌಕಾಕಾರದಲ್ಲಿ ಈಜಿ ಬಾ ಎಂದರೆ, ಅದನ್ನು ಮುಷ್ಟಿಯಲ್ಲಿಟ್ಟುಕೊಂಡು ನೀರಿನ ಸೆಳೆತ ನೋಡಿಯೇ ಹೊರಟ ಜಾಗಕ್ಕೆ ಬಂದ. ಮೀನಿಗೆ ಈಜು ಕಲಿಸ್ತೀರಾ ಎಂದು ಬೋಟಿನವರು ಮೇಡಂ ಅವರನ್ನು ಛೇಡಿಸಿದರು.

ಮೇಡಂ ನಗಲಿಲ್ಲ. ಉಳಿದ ಗಾಳಿ ತೋರಿಸುವ ನನ್ನ ಮೀಟರು ನೋಡಿದರು; ತುಂಬಿದಾಗ ಅದು ಇನ್ನೂರು. ಬೇರೆಯವರದು ಐವತ್ತಕ್ಕೆ ಇಳಿದಿದ್ದರೆ ನನ್ನದು ನೂರರ ಮೇಲಿತ್ತು.

"ಜಟ್ಟಪ್ಪಣ್ಣ, ನೀವು ನಡುನಡುವೆ ಉಸಿರು ಕಟ್ತಾ ಇದ್ದೀರಿ. ಇದು ಪಚ್ಚಿಲೆ ಕೆಲಸ ಅಲ್ಲ ಮಾರಾಯ್ರೆ. ತಗೊಳ್ತಾ ಇರಿ, ಬಿಡ್ತಾ ಇರಿ. ಕಟ್ಟಿಕೊಂಡು ಮೇಲೆ ಬಂದ್ರೆ ಗಾಳಿ ಒಳಗೇ ಉಬ್ಬಿ ಶ್ವಾಸಕೋಶ ಹರಿದುಹೋಗ್ತದೆ."

"ಆಯ್ತು ಮೇಡಂ," ಎಂದ. ಆದರೂ ಗಾಳಿ ಉಳಿಸಿ ತಂದದ್ದು ಅವನಿಗೆ ಹೆಮ್ಮೆಯೇ ಆಗಿತ್ತು. ಅವನ ಬೆನ್ನಿನಲ್ಲಿ ಅದು ತಿಳಿಯುತ್ತಿತ್ತು.

ಐದನೆಯದು ಆಳದ ಮುಳುಗು. ಇಪ್ಪತ್ತೆಂಟು ಮೀಟರ್ ಕೆಳಗೆ ಅವನು ಏನನ್ನೂ ಮುಟ್ಟಲಿಲ್ಲ. ಕೈ ಕಟ್ಟಿಕೊಂಡು ನೋಡಿದ. ಉಸಿರು ಸರಿಯಾಗಿ ಹೋಗಿ ಬರುತ್ತಿತ್ತು. ನಿಧಾನವಾಗಿ ಮೇಲೇರಿ, ಮೈ ಒತ್ತಡಕ್ಕೆ ಹೊಂದಿಕೊಳ್ಳಲೆಂದು ಐದು ಮೀಟರಿನಲ್ಲಿ ಬಂಡೆಯ ಪಕ್ಕ ಮೇಡಂ ಜೊತೆ ಮೂರು ನಿಮಿಷ ನಿಲ್ಲಬೇಕಿತ್ತು. ನಿಂತರು. ಅದೊಂದು ಮುಗಿದಿದ್ದರೆ ಪಾಸು.

ಆ ಬಂಡೆಯ ತುಂಬ ಪಚ್ಚಿಲೆ ಇತ್ತು. ಒಂದೊಂದೂ ಅಂಗೈ ಉದ್ದ.

ಅವನು ಯೋಚನೆ ಮಾಡಿದ ಎಂದು ನನಗನ್ನಿಸುವುದಿಲ್ಲ. ಬೆನ್ನು ಬಿಗಿಯಿತು, ಉಸಿರು ನಿಂತಿತು, ಕೈ ಚಾಚಿತು. ಆಗಲೇ ದೊಡ್ಡ ಅಲೆಯೊಂದು ದ್ವೀಪಕ್ಕೆ ಬಡಿಯಲು ಬಂದು ಅವನನ್ನು ಎತ್ತಿ ಮೇಲೆ ಹಾಕಿತು. ಮೇಡಂ ಅವನ ಕಾಲು ಹಿಡಿಯಲು ನೋಡಿದರು, ಸಿಗಲಿಲ್ಲ. ನೀರಿನ ಮೇಲೆ ಬಂದು ಬಾಯಿ ತೆರೆದಾಗ ಕೆಂಪು ನೊರೆ ಬಂತು. ಬಲಗೈಯಲ್ಲಿ ಒಂದು ಪಚ್ಚಿಲೆ ಇತ್ತು.

ಬೋಟಿನಲ್ಲಿ ಅವನಿಗೆ ಆಕ್ಸಿಜನ್ ಹಿಡಿದರು. ಆ ಸಿಲಿಂಡರ್ ಬೇರೆ. ನಾನು ಮೂಲೆಯಲ್ಲಿ ಉರುಳಾಡುತ್ತಿದ್ದೆ. ನನ್ನ ಮೀಟರು ನೂರಹತ್ತು ತೋರಿಸುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಗಾಳಿ ಹೊಟ್ಟೆಯಲ್ಲಿತ್ತು, ಅವನು ಉಸಿರಿಲ್ಲದೆ ಒದ್ದಾಡುತ್ತಿದ್ದ. ಗಾಳಿ ಹಿಡಿದಿಟ್ಟುಕೊಳ್ಳುವುದು ನನ್ನ ಕೆಲಸ, ಅವನದಲ್ಲ. ಇಷ್ಟನ್ನು ಹೇಳಲು ನನಗೆ ಬಾಯಿರಲಿಲ್ಲ. ಮರುದಿನ ಯಾರೋ ವಾಲ್ವ್ ತಿರುಗಿಸಿ ಆ ಗಾಳಿಯನ್ನು ಅಂಗಳಕ್ಕೆ ಬಿಟ್ಟರು. ಸ್ವಲ್ಪ ಧೂಳೆದ್ದಿತು.

ಜಟ್ಟಪ್ಪ ಉಳಿದ. ಇನ್ನು ಜನ್ಮದಲ್ಲಿ ಮುಳುಗಬಾರದು, ಸಿಲಿಂಡರ್ ಇದ್ದರೂ ಇಲ್ಲದಿದ್ದರೂ, ಎಂದು ಡಾಕ್ಟರು ಹೇಳಿ ಕಳಿಸಿದರು. ಅವನು ಅಂಗಡಿಯಲ್ಲೇ ದಡದ ಕೆಲಸಕ್ಕೆ ನಿಂತ. ನನ್ನನ್ನು ಮತ್ತೆ ತುಂಬಿದರು, ಬೇರೆ ಬೆನ್ನುಗಳಿಗೆ ಕಟ್ಟಿದರು. ನಾಲ್ಕು ವರ್ಷ ಹೀಗೇ ಹೋಯಿತು. ಆಮೇಲೆ ಪರೀಕ್ಷೆಯಲ್ಲಿ ನನ್ನ ಕುತ್ತಿಗೆಯೊಳಗೆ ಕೂದಲೆಳೆಯಷ್ಟು ಬಿರುಕು ಸಿಕ್ಕಿತು. ಇನ್ನು ತುಂಬುವಂತಿಲ್ಲ. ಗುಜರಿಗೆ ಹಾಕುವ ಮೊದಲು ಜಟ್ಟಪ್ಪ ಬಂದು, "ಇದು ನಂಗೆ ಬೇಕು," ಎಂದ.

ಅವನೇ ನನ್ನ ತಳ ಕೊಯ್ಯಿಸಿ, ಅಂಗಡಿಯ ಮಾಡಿಗೆ ಕುತ್ತಿಗೆ ಮೇಲಾಗಿ ತೂಗುಹಾಕಿದ. ನಾನೀಗ ಗಂಟೆ. ಬೆಳಿಗ್ಗೆ ಬೋಟು ಹೊರಡುವ ಮುಂಚೆ ಕಬ್ಬಿಣದ ಸರಳಿನಿಂದ ಹೊಡೆಯುತ್ತಾನೆ. ಕಲಿಯಲು ಬಂದವರು ಸುತ್ತ ನಿಲ್ಲುತ್ತಾರೆ. "ಎಲ್ಲಾ ಮರ್ತ್ರೂ ಅಡ್ಡಿಲ್ಲ, ಉಸ್ರು ಮಾತ್ರ ಕಟ್ಬೇಡಿ," ಎನ್ನುತ್ತಾನೆ. ಕೆಲವರು ನಗುತ್ತಾರೆ. ಬೋಟು ಹೋಗುತ್ತದೆ.

ಆಮೇಲೆ ಅವನೊಬ್ಬನೇ. ಇನ್ನೊಂದು ಸಲ ಹೊಡೆಯುತ್ತಾನೆ, ಮೆಲ್ಲಗೆ. ಅಂಗೈಯನ್ನು ನನ್ನ ಹೊಟ್ಟೆಗೆ ತಾಗಿಯೂ ತಾಗದಂತೆ ಹಿಡಿದು, ಕಣ್ಣು ಮುಚ್ಚಿ, ಸದ್ದು ಪೂರ್ತಿ ಅಡಗುವವರೆಗೆ ಉಸಿರು ಕಟ್ಟಿ ನಿಲ್ಲುತ್ತಾನೆ. ನೆಲದ ಮೇಲೆ ಅದಕ್ಕೆ ಯಾರ ಅಡ್ಡಿಯೂ ಇಲ್ಲ. ನನಗೆ ಯಾವತ್ತೂ ಏನೂ ಅನ್ನಿಸಿದ್ದಿಲ್ಲ. ಆದರೆ ಆ ಒಂದು ಪೆಟ್ಟಿನ ಸದ್ದನ್ನು ನಾನು ಎಳೆಯಲು ಆಗುವಷ್ಟು ಹೊತ್ತು ಎಳೆಯುತ್ತೇನೆ.