ಗರಾಜಿನ ಕೊಪ್ಪರಿಗೆ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕನ್ನಡಿಗರು ವರ್ಷಕ್ಕೊಮ್ಮೆ ಆಸ್ಟಿನ್ನಿನ ಪಾರ್ಕೊಂದರಲ್ಲಿ ಸೇರಿ ಪಂದ್ಯ ಆಡುತ್ತಾರೆ. ಅರ್ಥ ಒಂದೇ ಎನಿಸುವ ಎರಡು ಇಂಗ್ಲಿಷ್ ಪದ ಕೊಟ್ಟರೆ, ಅವುಗಳ ವ್ಯತ್ಯಾಸವನ್ನು ಕನ್ನಡದಲ್ಲಿ, ಮನೆಯ ಉದಾಹರಣೆ ಕೊಟ್ಟು ಬಿಡಿಸಿ ಹೇಳಬೇಕು. ಸೋತ ಊರಿನವರು ಸಂಘದ ಹಿತ್ತಾಳೆ ಕೊಪ್ಪರಿಗೆ ಹೊತ್ತೊಯ್ದು, ಮರುವರ್ಷ ಎಲ್ಲರಿಗೂ ಅದರಲ್ಲಿ ಸಿಹಿ ಮಾಡಿ ತರಬೇಕು.

ಹ್ಯೂಸ್ಟನ್ ಸತತವಾಗಿ ಸೋತಿದ್ದರಿಂದ ಕೊಪ್ಪರಿಗೆ ಆ ಊರಿನ ಪಕ್ಕದ ಮಿಸೌರಿ ಸಿಟಿಯ ಇರಣ್ಣನ ಗರಾಜಿನಲ್ಲೇ ಬೇರು ಬಿಟ್ಟಿತ್ತು. ಅದಕ್ಕೆ ಜಾಗ ಬಿಟ್ಟುಕೊಟ್ಟ ಅವನ ಕಾರು ಹೊರಗೆ ನಿಂತು ಆಲಿಕಲ್ಲಿನ ಏಟು ತಿಂದಿತ್ತು. ಈ ಸಲ ಗೆದ್ದು ಗರಾಜು ಬಿಡಿಸಿಕೊಳ್ಳಲೇಬೇಕೆಂದು ಇರಣ್ಣ ಬಂದಿದ್ದ.

ಆಸ್ಟಿನ್ ಮೊದಲೇ ಗೆದ್ದು ಪಾರಾಗಿತ್ತು. ಉಳಿದವರು ಇರಣ್ಣ ಮತ್ತು ಡಲ್ಲಾಸ್ ಕಡೆಯಿಂದ ಬಂದ ಕಾಪೆಲ್‌ನ ಶಶಿಕಾಂತ್.

"ಗ್ಲಾನ್ಸ್, ಸ್ಟೇರ್," ಎಂದಳು ಪಂದ್ಯ ನಡೆಸುತ್ತಿದ್ದ ನಿರುಪಮಾ.

"ಬ್ಯಾರೆಯವರ ಗರಾಜಿನ ಕಡೆ ನಡಕೋತ ಕಣ್ಣಾಡಿಸಿದ್ರ ಗ್ಲಾನ್ಸ್ ರಿ. ನಿಂತು ಬಾಯಿ ತೆರೆದು ನೋಡಿದ್ರ ಸ್ಟೇರ್," ಎಂದ ಇರಣ್ಣ.

"ನಮ್ಮ ಮನೆಯವರು ದಿನಾ ಮಾಡೋದು ಎರಡನೇದು," ಎಂದಳು ಅವನ ಹೆಂಡತಿ ಸುಮಿತ್ರವ್ವ. ಎಲ್ಲರೂ ನಕ್ಕರು.

"ಕೊನೇದು. ಎನ್ವಿ, ಜೆಲಸಿ."

"ಎರಡೂ ಹೊಟ್ಟೆಕಿಚ್ಚೇ ಅಲ್ವಾ ಮೇಡಂ?" ಎಂದ ಶಶಿಕಾಂತ್. ಅಲ್ಲಿಗೆ ಅವನ ಆಟ ಮುಗಿಯಿತು.

ಇರಣ್ಣ ಎದ್ದು ನಿಂತ. "ನಿಮ್ಮ ಕಾರು ಗರಾಜಿನಾಗ ಐತಿ, ನಂದು ಬಯಲಾಗ ಐತಿ. ನಿಮ್ಮದು ನನಗಿಲ್ಲಲ್ಲಾ ಅಂತ ಉರಿದ್ರ ಎನ್ವಿ. ನಂದ ಇದ್ದದ್ದು ಇನ್ನೊಬ್ರ ಪಾಲಾಗ್ತೈತಲ್ಲಾ ಅಂತ ಉರಿದ್ರ ಜೆಲಸಿ."

ಹ್ಯೂಸ್ಟನ್ನಿನವರು ಇರಣ್ಣನನ್ನು ಎತ್ತಿ ಕುಣಿಸಿದರು. ಕೆಳಗಿಳಿದಾಗ ಶಶಿಕಾಂತ್ ಕೊಪ್ಪರಿಗೆಯನ್ನು ವ್ಯಾನಿನತ್ತ ಉರುಳಿಸುತ್ತಿದ್ದ.

"ಉರುಳಸಬ್ಯಾಡ್ರಿ, ತಗ್ಗು ಬೀಳ್ತಾವ," ಎಂದು ಇರಣ್ಣ ಓಡಿದ. "ಎದರಿಂದ ತಿಕ್ತೀರಿ?"

"ಹೋಸ್ ಪೈಪಲ್ಲಿ ನೀರು ಬಿಡ್ತೀನಿ ಸಾರ್, ಸಾಕಲ್ಲ?"

"ಲಿಂಬಿಹಣ್ಣು, ಉಪ್ಪು ಹಚ್ಚಬೇಕ್ರಿ. ಏನ್ ಮಾಡ್ತೀರಿ ಇದರಾಗ?"

"ಪಾಯಸದ ರೆಡಿ ಮಿಕ್ಸ್ ಸಿಗುತ್ತಲ್ಲ."

ಗೋದಿ ಹುಗ್ಗಿ ಕುದಿಸಿ ಕುದಿಸಿ ಪಳಗಿಸಿದ ಪಾತ್ರೆ. ಅದರಲ್ಲಿ ರೆಡಿ ಮಿಕ್ಸ್. ಇರಣ್ಣ ವ್ಯಾನಿಗೆ ಅಡ್ಡ ನಿಂತ. ಕೊಪ್ಪರಿಗೆಯ ಕಿವಿ ಹಿಡಿದವನು ಬಿಡಲಿಲ್ಲ.

ಸುಮಿತ್ರವ್ವ ಹತ್ತಿರ ಬಂದು ಮುಖ ನೋಡಿದಳು. "ಏನ್ರಿ, ಇದು ಎನ್ವಿನೋ, ಜೆಲಸಿನೋ?"

"ಎರಡನೇದು," ಎಂದ ಇರಣ್ಣ. "ನಿರುಪಮಾ ಅವರ, ಹ್ಯೂಸ್ಟನ್ ಸೋತೈತಿ ಅಂತ ಹೇಳಿಬಿಡ್ರಿ."

ಇರಣ್ಣನ ಮನಸ್ಸು ಬದಲಾಗುವ ಮೊದಲೇ ಶಶಿಕಾಂತ್ ವ್ಯಾನಿನ ಬಾಗಿಲು ಮುಚ್ಚಿದ. ಗೆದ್ದೂ ಸೋತ ಹ್ಯೂಸ್ಟನ್ನಿನವರು ಹೊಟ್ಟೆ ಹಿಡಿದು ನಗುತ್ತಲೇ ಕೊಪ್ಪರಿಗೆಯನ್ನು ಇರಣ್ಣನ ಕಾರಿನ ಡಿಕ್ಕಿಗೆ ತುರುಕಿದರು; ಅರ್ಧ ಹೊರಗೇ ಉಳಿಯಿತು.

ಹೆದ್ದಾರಿಯಲ್ಲಿ ಮೋಡ ಕವಿಯಿತು. ಇರಣ್ಣ ಬದಿಗೆ ನಿಲ್ಲಿಸಿ ಕೊಪ್ಪರಿಗೆಗೆ ಚಾದರ ಹೊದಿಸಿ ಬಂದ.

"ಈ ಕಾರಿಗೆ ಏನಾಗ್ತಿರಬೇಕು ಹೇಳ್ರಿ," ಎಂದಳು ಸುಮಿತ್ರವ್ವ.

ಇರಣ್ಣ ಯೋಚಿಸಿದ. "ಗರಾಜು ಮೊದಲ ಅದರದ ಇತ್ತಲ್ಲ. ಅದಕ್ಕೂ ಎರಡನೇದ."