ಮಾವ ಹಚ್ಚಿದ ಎಣ್ಣೆ

ನನ್ನ ಗಂಡ ಗೋವರ್ಧನನಿಗೂ ಅವರಪ್ಪ ಹಿರಿಯಣ್ಣ ಮಾವನಿಗೂ ಮಾತು ನಿಂತು ಮೂರು ವರ್ಷವಾಗಿತ್ತು. ಮಾವ ಕಟ್ಟಿಸಿದ ದೋಣಿಯನ್ನು ಮಾರಿ ಇವರು ಮುಂಬೈಯಿಂದ ಹಳೇ ಸ್ಪೋರ್ಟ್ಸ್ ಕಾರಿನ ಬರೀ ಗೂಡನ್ನು ಹೊತ್ತು ತಂದರಲ್ಲ, ಅಂದಿನಿಂದ. ಅಪ್ಪ ಮಗ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು. ಉಪ್ಪು ಬೇಕಾದರೂ ನನ್ನ ಮುಖ ನೋಡುತ್ತಿದ್ದರು. ನಮ್ಮೂರು ನಾವುಂದದ ಅಂಚೆಯವನಿಗೂ ನನ್ನಷ್ಟು ಕೆಲಸವಿರಲಿಲ್ಲ.

೨೦೦೪ರ ಆಯುಧಪೂಜೆಯ ಹೊತ್ತಿಗೆ ಕಾರು ಕೆಂಪು ಬಣ್ಣ ಬಳಿದುಕೊಂಡು ಮದುಮಗಳಂತೆ ನಿಂತಿತು. ಎರಡೇ ಸೀಟು, ಸೈಕಲ್ಲಿನ ಹಾಗೆ ಕಡ್ಡಿಯ ಚಕ್ರ. ಉಳಿದದ್ದು ಬ್ರೇಕು ಮಾತ್ರ. ತೆಕ್ಕಟ್ಟೆಯ ಮೆಕ್ಯಾನಿಕ್ ಯತೀಶ್ ಬಂದು ಹೊಸ ಪ್ಯಾಡ್ ಕೂರಿಸಿ, ಪೈಪಿನೊಳಗಿನ ಗಾಳಿ ತೆಗೆದು, ಮುಂದಿನ ಚಕ್ರಗಳ ಒಳಗಿನ ಕಬ್ಬಿಣದ ತಟ್ಟೆಗಳನ್ನು ಪೆಟ್ರೋಲಿನಿಂದ ಒರೆಸಿದ. ಪ್ಯಾಡು ಕಚ್ಚಿ ಹಿಡಿಯುವುದು ಈ ತಟ್ಟೆಯನ್ನೇ, ಬೆರಳಿನ ಜಿಡ್ಡೂ ತಾಗಬಾರದು ಎಂದ. ಕಡಲ ಗಾಳಿಗೆ ತುಕ್ಕು ಬಂದರೂ ಮುಟ್ಟಬೇಡಿ, ಎರಡು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ ಎಂದೂ ಹೇಳಿದ. ಚಾ ಕೊಡಲು ಹೋದ ನಾನೂ ಕೇಳಿಸಿಕೊಂಡೆ. ಮಾವ ಮಾತ್ರ ಮಗ ಅಂಗಳಕ್ಕಿಳಿದ ಕೂಡಲೇ ಎದ್ದು ಹಿತ್ತಿಲಿಗೆ ಹೋಗಿದ್ದರು.

ಮರುದಿನ ಬೆಳಿಗ್ಗೆ ಕಾರಿನ ಸುತ್ತ ಬೆಕ್ಕುಗಳು ಸೇರಿದ್ದವು. ಅವುಗಳಲ್ಲೊಂದು ಚಕ್ರದ ಕಡ್ಡಿಗಳ ನಡುವೆ ಮೂತಿ ತೂರಿಸಿ ಏನನ್ನೋ ನೆಕ್ಕಲು ನೋಡುತ್ತಿತ್ತು. ನನಗೇಕೋ ಮನಸ್ಸಿಗೆ ಸರಿಬರಲಿಲ್ಲ. ಬೆಕ್ಕಿಗೂ ಕಾರಿನ ಹುಚ್ಚು ಎಂದು ಇವರು ನಕ್ಕರು. ಮೀನಿನ ವಾಸನೆಯಂತೂ ನಮ್ಮೂರಲ್ಲಿ ಯಾರ ಮೂಗಿಗೂ ಹೊಸದಲ್ಲ.

ಆರು ವರ್ಷದ ಮಗಳು ಅನ್ವಿತಾ ಪಕ್ಕದ ಸೀಟು ಹತ್ತಿ ಕೂತಳು. ಶೆಡ್ಡಿನಿಂದ ಗೇಟಿನವರೆಗೆ ಕಾರನ್ನು ನಾವೇ ತಳ್ಳಿದೆವು. ನಮ್ಮ ಮನೆ ಗುಡ್ಡೆಯ ಮೇಲೆ. ಗೇಟಿನಾಚೆ ನೇರ ಇಳಿಜಾರು, ಅದರ ಬುಡದಲ್ಲಿ ಹೆದ್ದಾರಿ.

ಇವರು ಕೂತು ಸ್ಟಾರ್ಟ್ ಮಾಡಿದರು, ಕಾರು ಹೊರಟಿತು. ಅಷ್ಟರಲ್ಲಿ ಮಾವ ಬಂದು ನನ್ನ ಪಕ್ಕ ನಿಂತರು. ಮುಖದಲ್ಲಿ ನಗುವಿತ್ತು, ಆ ನಗು ನೋಡಿ ಎಷ್ಟು ಕಾಲವಾಗಿತ್ತೋ.

"ವೇದಾ, ಒಂದ್ ಹೇಳ್ತೆ, ಅವ್ನಿಗ್ ಹೇಳ್ಬೇಡ. ಚಕ್ರದೊಳ್ಗಿನ್ ತಟ್ಟಿ ತುಕ್ ಹಿಡ್ದಿತ್ತ್. ಕೋಲಿಗ್ ಬಟ್ಟಿ ಸುತ್ತಿ ಮೀನೆಣ್ಣಿ ಹಚ್ದೆ, ದೋಣಿಗ್ ಹಚ್ದಂಗೆ."

ಪಾಪ, ಕೊನೆಗೂ ಮನಸ್ಸು ಕರಗಿತಲ್ಲ ಎಂದು ಒಂದು ಗಳಿಗೆ ಖುಷಿಯಾಯಿತು. ಮರುಗಳಿಗೆ ಯತೀಶ್ ಹೇಳಿದ್ದು ನೆನಪಾಯಿತು.

ಕೂಗುತ್ತಾ ಓಡಿದೆ. ಆ ಎಂಜಿನ್ನಿನ ಅಬ್ಬರದಲ್ಲಿ ನನ್ನ ಕೂಗು ಯಾರಿಗೆ ಕೇಳೀತು? ಬೈಂದೂರಿನ ಕಡೆಯಿಂದ ಹೆದ್ದಾರಿಯಲ್ಲಿ ಲಾರಿಯೊಂದು ಬರುತ್ತಿತ್ತು. ಅನ್ವಿತಾ ನಮ್ಮತ್ತ ತಿರುಗಿ ಕೈಬೀಸಿದಳು. ಬ್ರೇಕ್ ತುಳಿದಾಗ ಹತ್ತುವ ಹಿಂದಿನ ಕೆಂಪು ದೀಪ ಹತ್ತಿತು. ಆರಿತು. ಮತ್ತೆ ಹತ್ತಿತು. ಕಾರು ಇಳಿಯುತ್ತಲೇ ಇತ್ತು.

"ಅಂವ ಎಂತಕ್ ನಿಲ್ಸುದಿಲ್ಲೆ?" ಎಂದು ಮಾವ ಹಿಂದಿನಿಂದ ನನ್ನನ್ನು ಕೇಳಿದರು.